ತನ್ನ ವಿರುದ್ಧವೇ ಸಾಕ್ಷಿ

ಮೇಷ್ಟ್ರು: 2025ರ ಸೆಪ್ಟೆಂಬರಿನಲ್ಲಿ ಹಿಂದುಳಿದ ವರ್ಗಗಳ ಆಯೋಗದ ಸಮೀಕ್ಷೆ ಶುರುವಾಗುವ ಹೊತ್ತಿಗೆ ಎದ್ದ ಗದ್ದಲ ನಿಮಗೆ ನೆನಪಿರಬೇಕು, ವಕೀಲರೇ. ಜಾತಿಗಳ ಪಟ್ಟಿಯಲ್ಲಿ ‘ಒಕ್ಕಲಿಗ ಕ್ರಿಶ್ಚಿಯನ್’, ‘ಕುರುಬ ಕ್ರಿಶ್ಚಿಯನ್’, ‘ಬ್ರಾಹ್ಮಣ ಕ್ರಿಶ್ಚಿಯನ್’ ಎಂಬಂಥ ಹೆಸರುಗಳು ಕಾಣಿಸಿಕೊಂಡವು. ಹಿಂದೂ ಸಂಘಟನೆಗಳು ಸಿಡಿದೆದ್ದವು, ರಾಜಭವನದಿಂದ ಮುಖ್ಯಮಂತ್ರಿಗೆ ಪತ್ರ ಹೋಯಿತು, ಕೊನೆಗೆ ಅಂಥ ಹಲವು ಹೆಸರುಗಳು ಆಯ್ಕೆಪಟ್ಟಿಯಲ್ಲಿ ಕಾಣದಂತಾದವು. ಅವರ ಸಿಟ್ಟು ಅವರಿಗಿರಲಿ, ನಮ್ಮ ಸಭೆಯವರಿಗೂ ಅದು ಮುಜುಗರದ ಸಂಗತಿಯೇ ಆಗಿತ್ತು. ದೀಕ್ಷಾಸ್ನಾನ ಪಡೆದವರಲ್ಲಿ ಮೇಲುಕೀಳಿಲ್ಲ ಎಂದು ಪೀಠದಿಂದ ಸಾರುವ ನಾವು, ಗಣತಿದಾರ ಮನೆಗೆ ಬಂದಾಗ ಯಾವ ಬಾಯಿಂದ ಜಾತಿ ಬರೆಸುವುದು? ವಿಶ್ವಾಸವನ್ನು ವಿಶ್ವಾಸವಾಗಿಯೇ ಉಳಿಸಿಕೊಂಡು, ಈ ಪಟ್ಟಿ, ಮೀಸಲಾತಿ, ಮನವಿಗಳ ರಾಜಕೀಯದಿಂದ ದೂರ ಇರುವುದೇ ಲೇಸು ಅನ್ನಿಸುತ್ತದೆ.

ವಕೀಲರು: ನೀವು ಹೇಳಿದ್ದರಲ್ಲಿಯೇ ಒಂದು ವಿಚಿತ್ರ ಇದೆ ನೋಡಿ, ಮೇಷ್ಟ್ರೇ. ಆ ಪಟ್ಟಿಯನ್ನು ವಿರೋಧಿಸಿದವರು ಕ್ರೈಸ್ತರಲ್ಲಿ ಜಾತಿ ಇಲ್ಲ, ಆದ್ದರಿಂದ ಈ ಹೆಸರುಗಳು ಕುತಂತ್ರ ಎಂದರು. ನಿಮ್ಮ ಪೀಠವೂ ಜಾತಿ ಇಲ್ಲ ಅನ್ನುತ್ತದೆ. ಬೇರೆ ಯಾವ ವಿಷಯದಲ್ಲೂ ಒಂದಾಗದ ಎರಡು ಗುಂಪುಗಳು ಈ ಒಂದು ವಾಕ್ಯದಲ್ಲಿ ಮಾತ್ರ ಒಂದಾಗುತ್ತವೆ. ಮೂರನೆಯವರಾಗಿ ಭಾರತ ಸರ್ಕಾರವೂ 1950ರಿಂದ ಅದನ್ನೇ ಹೇಳುತ್ತಾ ಬಂದಿದೆ. ಆ ವರ್ಷದ ಆಗಸ್ಟ್ 10ರಂದು ಹೊರಬಿದ್ದ ಪರಿಶಿಷ್ಟ ಜಾತಿಗಳ ಆದೇಶದ ಮೂರನೆಯ ಪ್ಯಾರಾ, ಹಿಂದೂ ಧರ್ಮವಲ್ಲದೆ ಬೇರೆ ಧರ್ಮವನ್ನು ಅನುಸರಿಸುವವರನ್ನು ಪರಿಶಿಷ್ಟ ಜಾತಿಯವರೆಂದು ಪರಿಗಣಿಸಬಾರದು ಎಂದಿತು. 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ತಿದ್ದುಪಡಿಯ ಮೂಲಕ ಒಳಗೆ ತಂದರು. ಕ್ರೈಸ್ತರೂ ಮುಸ್ಲಿಮರೂ ಹೊರಗೇ ಉಳಿದರು. ಪರಿಶಿಷ್ಟ ಪಂಗಡದವರಿಗೆ ಈ ಧರ್ಮದ ಷರತ್ತೇ ಇಲ್ಲ. ಖಾಸಿ ಬುಡಕಟ್ಟಿನವರು ಚರ್ಚಿಗೆ ಹೋದರೂ ಖಾಸಿಗಳೇ, ಮುಂಡಾ ಬುಡಕಟ್ಟಿನವರು ಶಿಲುಬೆ ಧರಿಸಿದರೂ ಮುಂಡಾಗಳೇ. ದಲಿತರಿಗೆ ಮಾತ್ರ ಜಾತಿ ಎನ್ನುವುದು ದೇವರನ್ನು ಬದಲಿಸಿದರೆ ಕಳಚಿ ಬೀಳುವ ವಸ್ತು. ಹಳ್ಳಿಯಲ್ಲಿ ಕೇರಿ ಬದಲಾಗಿಲ್ಲ, ಮಾಡುವ ಕೆಲಸ ಬದಲಾಗಿಲ್ಲ, ಹೋಟೆಲಿನವನು ಲೋಟ ಕೊಡುವ ರೀತಿ ಬದಲಾಗಿಲ್ಲ; ತಹಶೀಲ್ದಾರರ ಕಚೇರಿಯ ಕಾಗದ ಮಾತ್ರ ಬದಲಾಗುತ್ತದೆ. ರಾಜಕೀಯದಿಂದ ದೂರ ಇರೋಣ ಎನ್ನುವ ಆಯ್ಕೆ ನಿಮಗಿದೆ, ಈ ಕಾಗದದ ಮನುಷ್ಯನಿಗೆ ಇಲ್ಲ. ಕ್ರೈಸ್ತ ವಿಶ್ವಾಸಕ್ಕೆ ಇವತ್ತಿನ ಸಾರ್ವಜನಿಕ ಬದುಕಿನಲ್ಲಿ ಏನು ಕೆಲಸ ಎಂದು ಯಾರಾದರೂ ಕೇಳಿದರೆ, ನಾನು ತೋರಿಸುವುದು ಈ ಮನುಷ್ಯನನ್ನೇ.

ಮೇಷ್ಟ್ರು: ಆದರೆ ಇದನ್ನು ಬರೀ ಸರ್ಕಾರದ ತಲೆಗೆ ಕಟ್ಟುವುದು ನ್ಯಾಯವಲ್ಲ. ಅಸ್ಪೃಶ್ಯತೆ ಹುಟ್ಟಿದ್ದು ಹಿಂದೂ ಸಮಾಜದ ಒಳಗೆ, ಅದರ ಪರಿಹಾರವೂ ಅಲ್ಲಿಯವರಿಗೇ ಎಂಬ ತರ್ಕ ಆಗ ಇತ್ತು. ಜೊತೆಗೆ ಸಂವಿಧಾನ ಸಭೆಯಲ್ಲಿ ನಮ್ಮ ನಾಯಕರೇ ಮೀಸಲಾತಿ ಬೇಡ ಎಂದವರು. ಅಲ್ಪಸಂಖ್ಯಾತರ ಉಪಸಮಿತಿಯ ಅಧ್ಯಕ್ಷರಾಗಿದ್ದ ಎಚ್.ಸಿ. ಮುಖರ್ಜಿ ಕ್ರೈಸ್ತರು. ನಮ್ಮ ಮಂಗಳೂರಿನಲ್ಲೇ ಹುಟ್ಟಿದ ಜೆಸ್ಯುಟ್ ಪಾದ್ರಿ ಜೆರೋಮ್ ಡಿಸೋಜ ಆ ಸಭೆಯಲ್ಲಿದ್ದರು. ದೇಶದ ಏಕತೆಗಾಗಿ ಬಿಟ್ಟುಕೊಟ್ಟೆವು ಎಂದು ಇವತ್ತಿಗೂ ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಬಿಟ್ಟುಕೊಟ್ಟದ್ದನ್ನು ಮತ್ತೆ ಕೇಳುವುದು ಹೇಗೆ?

ವಕೀಲರು: ಬಿಟ್ಟುಕೊಟ್ಟದ್ದು ಏನನ್ನು ಎಂದು ಸ್ವಲ್ಪ ನಿಧಾನವಾಗಿ ನೋಡಬೇಕು. 1935ರ ಕಾಯ್ದೆಯ ಕಾಲದಲ್ಲಿ ಭಾರತೀಯ ಕ್ರೈಸ್ತರಿಗೆ ಶಾಸನಸಭೆಗಳಲ್ಲಿ ಪ್ರತ್ಯೇಕ ಸ್ಥಾನಗಳಿದ್ದವು. ಹಾಗಾಗಿ 1936ರ ಪರಿಶಿಷ್ಟ ಜಾತಿಗಳ ಆದೇಶ ಭಾರತೀಯ ಕ್ರೈಸ್ತರನ್ನು ಆ ಪಟ್ಟಿಯಿಂದ ಹೊರಗಿಟ್ಟಿತು. ಅದರಲ್ಲಿ ಒಂದು ಲೆಕ್ಕಾಚಾರವಿತ್ತು: ಒಬ್ಬನೇ ಮನುಷ್ಯ ಕ್ರೈಸ್ತನಾಗಿ ಒಂದು ಕಡೆ, ದಲಿತನಾಗಿ ಇನ್ನೊಂದು ಕಡೆ ಎಣಿಕೆಯಾಗಬಾರದು. 1949ರ ಮೇ ತಿಂಗಳಲ್ಲಿ ಸಂವಿಧಾನ ಸಭೆ ಧಾರ್ಮಿಕ ಅಲ್ಪಸಂಖ್ಯಾತರ ಕಾದಿಟ್ಟ ಸ್ಥಾನಗಳನ್ನು ಕೈಬಿಟ್ಟಿತು. ಕ್ರೈಸ್ತ ನಾಯಕರು ಒಪ್ಪಿದ್ದು ಇದಕ್ಕೆ, ಅಂದರೆ ಧರ್ಮದ ಹೆಸರಿನ ಸ್ಥಾನಗಳನ್ನು ಬಿಡುವುದಕ್ಕೆ. ಎರಡು ಕಡೆ ಎಣಿಕೆಯಾಗಬಾರದು ಎಂಬ ಕಾರಣ ಅಲ್ಲಿಗೆ ಮುಗಿಯಿತು, ಏಕೆಂದರೆ ಒಂದು ಕಡೆಯ ಎಣಿಕೆಯೇ ನಿಂತುಹೋಯಿತು. ಆದರೂ ಮರುವರ್ಷದ ಆದೇಶದಲ್ಲಿ ಹಳೆಯ ಬಹಿಷ್ಕಾರ ಹಾಗೆಯೇ ಮುಂದುವರಿದು ಕೂತಿತು. ಕಾರಣ ಸತ್ತರೂ ನಿಯಮ ಬದುಕಿತು. ಇನ್ನೊಂದು ಮಾತು: ಆ ತ್ಯಾಗ ಮಾಡಿದವರು ಯಾರು? ವಿದ್ಯೆ, ಆಸ್ತಿ, ಸಂಸ್ಥೆಗಳಿದ್ದ ಕುಟುಂಬಗಳಿಂದ ಬಂದ ಮುಂದಾಳುಗಳು. ಅವರು ಬಿಟ್ಟದ್ದು ತಮ್ಮದನ್ನೇ ಇರಬಹುದು. ಅವರ ಹೆಸರಿನ ಕೆಳಗೆ ಸೇರಿಸಿ ಎಣಿಸಲ್ಪಟ್ಟ ಕೂಲಿಯವರು ಏನನ್ನು ಕಳೆದುಕೊಂಡರು ಎನ್ನುವುದನ್ನು ಅವರಿಂದ ಕೇಳಿ ತಿಳಿದವರು ಯಾರೂ ಇರಲಿಲ್ಲ.

ಇನ್ನು ಹಿಂದೂ ಸಮಾಜದ ಒಳಗಿನ ರೋಗಕ್ಕೆ ಅಲ್ಲಿಯೇ ಔಷಧ ಎಂಬ ತರ್ಕ. ಅದು 1990ರಲ್ಲೇ ಮುರಿದುಬಿತ್ತು. 1956ರ ಅಕ್ಟೋಬರಿನಲ್ಲಿ ಅಂಬೇಡ್ಕರ್ ಜೊತೆ ನಾಗಪುರದಲ್ಲಿ ಲಕ್ಷಾಂತರ ಜನ ಬೌದ್ಧರಾದದ್ದು ಜಾತಿಯನ್ನು ತಿರಸ್ಕರಿಸಿಯೇ. ಬೌದ್ಧ ಧರ್ಮ ಜಾತಿಯನ್ನು ಒಪ್ಪುವುದಿಲ್ಲ ಎಂಬುದರಲ್ಲಿ ಯಾರಿಗೂ ಅನುಮಾನವಿಲ್ಲ. ಆದರೂ ಧರ್ಮ ಬಿಟ್ಟರೂ ಜಾತಿ ಅವರನ್ನು ಬಿಡಲಿಲ್ಲ ಎಂದು ಮೂವತ್ತನಾಲ್ಕು ವರ್ಷದ ಮೇಲೆ ಸಂಸತ್ತು ಒಪ್ಪಿಕೊಂಡಿತು. ಒಪ್ಪಿಕೊಂಡದ್ದು ಸರಿ. ಅದೇ ಅಳತೆಗೋಲನ್ನು ಕ್ರೈಸ್ತನಿಗೆ ಹಿಡಿಯುವಾಗ ಮಾತ್ರ ನಿಮ್ಮ ಧರ್ಮದಲ್ಲಿ ಜಾತಿ ಇಲ್ಲವಲ್ಲ ಅನ್ನುತ್ತೇವೆ. ನ್ಯಾಯಾಲಯಗಳ ಮಾತು ಇನ್ನೂ ಸೊಗಸಾಗಿದೆ. ಕ್ರೈಸ್ತನಾದವನು ಮತ್ತೆ ಹಿಂದೂ ಧರ್ಮಕ್ಕೆ ಮರಳಿದರೆ ಅವನ ಹಳೆಯ ಜಾತಿ ತಾನಾಗಿ ಜೀವ ಪಡೆಯುತ್ತದೆ ಎಂದು ಸುಪ್ರೀಂ ಕೋರ್ಟ್ 1984ರಲ್ಲಿ ಹೇಳಿತು. ಮತಾಂತರದಿಂದ ಜಾತಿಗೆ ಗ್ರಹಣ ಹಿಡಿದಿರುತ್ತದೆ, ಮರಳಿದಾಗ ಗ್ರಹಣ ಬಿಡುತ್ತದೆ ಎಂಬುದು ಅದರ ವಾದ. 2015ರಲ್ಲಿ ಕೇರಳದ ಒಂದು ಪ್ರಕರಣದಲ್ಲಿ, ಹಿಂದಿನ ತಲೆಮಾರುಗಳಲ್ಲೇ ಕ್ರೈಸ್ತರಾಗಿದ್ದ ಕುಟುಂಬದವರೊಬ್ಬರು ಮರಳಿ ಬಂದಾಗಲೂ ಜಾತಿ ಸಿಕ್ಕಿತು. ಗ್ರಹಣ ಹಿಡಿದ ಚಂದ್ರ ಆಕಾಶದಲ್ಲೇ ಇರುತ್ತಾನಲ್ಲ, ಮೇಷ್ಟ್ರೇ? ಅಜ್ಜನ ಕಾಲಕ್ಕೇ ಅಳಿದುಹೋದ ಜಾತಿ ಮೊಮ್ಮಗನ ಕಾಲಕ್ಕೆ ಎಲ್ಲಿಂದ ಎದ್ದು ಬರುತ್ತದೆ? ಅಳಿಯಲಿಲ್ಲ ಎಂದೇ ಅರ್ಥ. ಇದ್ದೂ ಲೆಕ್ಕಕ್ಕಿಲ್ಲ, ಅಷ್ಟೇ.

ಮೇಷ್ಟ್ರು: ನಿಮ್ಮ ತರ್ಕ ಅಷ್ಟು ಗಟ್ಟಿಯಾಗಿದ್ದರೆ ನ್ಯಾಯಾಲಯಗಳೇ ಆ ಪ್ಯಾರಾವನ್ನು ಹೊಡೆದುಹಾಕಬೇಕಿತ್ತು. ಯಾಕೆ ಹಾಕಲಿಲ್ಲ?

ವಕೀಲರು: ಅಲ್ಲಿಗೇ ಬರುತ್ತಿದ್ದೆ. 1985ರ ಸೂಸೈ ಪ್ರಕರಣವನ್ನು ನೋಡಿ. ಮದ್ರಾಸಿನ ರಸ್ತೆಬದಿಯಲ್ಲಿ ಚಪ್ಪಲಿ ಹೊಲಿಯುತ್ತಿದ್ದವರೊಬ್ಬರು. ಹುಟ್ಟಿನಿಂದ ಆದಿದ್ರಾವಿಡ, ಆಮೇಲೆ ಕ್ರೈಸ್ತ. ರಸ್ತೆಬದಿಯ ಚಮ್ಮಾರರಿಗೆ ಸರ್ಕಾರ ಪುಕ್ಕಟೆಯಾಗಿ ಪೆಟ್ಟಿಗೆ ಅಂಗಡಿ ಕೊಡುವ ಯೋಜನೆ ಬಂತು. ಅದೇ ರಸ್ತೆಯಲ್ಲಿ ಅದೇ ಕೆಲಸ ಮಾಡುತ್ತಿದ್ದರೂ ಕ್ರೈಸ್ತ ಎಂಬ ಕಾರಣಕ್ಕೆ ಅವರಿಗೆ ಸಿಗಲಿಲ್ಲ. ಸುಪ್ರೀಂ ಕೋರ್ಟ್ ಅರ್ಜಿಯನ್ನು ವಜಾ ಮಾಡಿತು. ಆದರೆ ಕೊಟ್ಟ ಕಾರಣವನ್ನು ಗಮನಿಸಬೇಕು. ಮತಾಂತರದ ನಂತರ ಜಾತಿ ಮುಂದುವರಿಯುತ್ತದೆ ಎಂದು ತೋರಿಸಿದರೆ ಸಾಲದು, ಹಳೆಯ ಧರ್ಮದಲ್ಲಿದ್ದ ದಬ್ಬಾಳಿಕೆ ಅಷ್ಟೇ ತೀವ್ರವಾಗಿ ಹೊಸ ಧರ್ಮದ ಸಮುದಾಯದಲ್ಲೂ ಇದೆ ಎಂದು ತೋರಿಸಬೇಕು, ಅದಕ್ಕೆ ಬೇಕಾದ ಅಧಿಕೃತ, ವಿವರವಾದ ಆಧಾರ ನಮ್ಮ ಮುಂದಿಲ್ಲ ಎಂದಿತು ನ್ಯಾಯಪೀಠ. ಅಂದರೆ ಮೊಕದ್ದಮೆ ಸೋತದ್ದು ಸಾಕ್ಷ್ಯ ಇಲ್ಲದೆ. ಈ ಸಾಕ್ಷ್ಯ ಯಾರ ಕೈಯಲ್ಲಿತ್ತು? ಯಾವ ಕುಟುಂಬ ಯಾವ ಬೆಂಚಿನಲ್ಲಿ ಕೂರುತ್ತದೆ, ಯಾರ ಮದುವೆ ಯಾರೊಂದಿಗೆ ಆಯಿತು, ಯಾರನ್ನು ಸ್ಮಶಾನದ ಯಾವ ಮೂಲೆಯಲ್ಲಿ ಹೂಳಿದರು, ಯಾರ ಮಗ ಪಾದ್ರಿಯಾದ, ಯಾರ ಮಗ ಗಂಟೆ ಹೊಡೆಯುವವನಾಗಿಯೇ ಉಳಿದ ಎಂಬುದೆಲ್ಲ ದಾಖಲಾಗುವುದು ಚರ್ಚಿನಲ್ಲಿ. ಮದುವೆಯ ಪುಸ್ತಕ, ಮರಣದ ಪುಸ್ತಕ ಇರುವುದು ಅಲ್ಲಿ. ಆ ಚಮ್ಮಾರ ಗೆಲ್ಲಬೇಕಾಗಿದ್ದರೆ ಅವರ ಧರ್ಮಸಭೆ ನ್ಯಾಯಾಲಯಕ್ಕೆ ಬಂದು, ಹೌದು, ನಮ್ಮಲ್ಲಿ ಇವರನ್ನು ಹೀಗೆ ನಡೆಸಿಕೊಳ್ಳುತ್ತೇವೆ ಎಂದು ಪ್ರಮಾಣ ಮಾಡಿ ಹೇಳಬೇಕಿತ್ತು. ಈ ದೇಶದಲ್ಲಿ ಕ್ರೈಸ್ತ ವಿಶ್ವಾಸ ಮಾಡಬಹುದಾದ ಅತ್ಯಂತ ದೊಡ್ಡ ರಾಜಕೀಯ ಕೆಲಸ ಇದು ಎಂಬುದು ನನ್ನ ವಾದ: ತನ್ನಲ್ಲಿ ಅತಿ ಕೆಳಗಿರುವವರ ಪರವಾಗಿ, ತನ್ನ ವಿರುದ್ಧವೇ ಸಾಕ್ಷಿ ಹೇಳುವುದು.

ಮೇಷ್ಟ್ರು: ಆಗಲೇ ಹೇಳಿದ್ದೇವಲ್ಲ. ಪ್ರತಿ ವರ್ಷ ಆಗಸ್ಟ್ 10ನ್ನು ಕರಾಳ ದಿನ ಎಂದು ಆಚರಿಸುತ್ತೇವೆ. ಬಿಷಪರು ಮನವಿ ಕೊಡುತ್ತಾರೆ.

ವಕೀಲರು: ಆ ದಿನ ಕಪ್ಪು ಬಾವುಟ ಹಿಡಿದು ನಮ್ಮವರು ದಲಿತರು ಅನ್ನುತ್ತೀರಿ, ಮುಂದಿನ ಭಾನುವಾರ ನಮ್ಮಲ್ಲಿ ಜಾತಿಯೇ ಇಲ್ಲ ಅನ್ನುತ್ತೀರಿ. ಎದುರು ವಕೀಲ ಮಾಡಬೇಕಾದ ಪಾಟೀಸವಾಲನ್ನು ನೀವೇ ಬರೆದುಕೊಟ್ಟಂತಾಯಿತು. 2022ರಲ್ಲಿ ಕೇಂದ್ರ ಸರ್ಕಾರ ಸುಪ್ರೀಂ ಕೋರ್ಟಿಗೆ ಸಲ್ಲಿಸಿದ ಅಫಿಡವಿಟ್ಟಿನಲ್ಲಿ, ಕ್ರೈಸ್ತ ಮತ್ತು ಇಸ್ಲಾಂ ಸಮಾಜಗಳಲ್ಲಿ ಅಂಥ ದಬ್ಬಾಳಿಕೆ ಇರಲಿಲ್ಲ ಎಂಬುದೇ 1950ರ ಆದೇಶಕ್ಕೆ ಆಧಾರ ಎಂದಿತು. ಆ ವಾಕ್ಯಕ್ಕೆ ಬಲ ಎಲ್ಲಿಂದ ಬಂತು ಎಂದು ಹುಡುಕಿದರೆ ಅರ್ಧ ನಿಮ್ಮ ಪೀಠದಿಂದಲೇ ಬಂದಿದೆ.

ಸಾಕ್ಷ್ಯಕ್ಕಂತೂ ಬರವಿಲ್ಲ. ತಿರುಚ್ಚಿಯ ಮೇಲಪುದೂರಿನ ಕ್ಯಾಥೊಲಿಕ್ ಸ್ಮಶಾನದಲ್ಲಿ ದಲಿತರ ಗೋರಿಗಳನ್ನು ಉಳಿದವರ ಗೋರಿಗಳಿಂದ ಬೇರ್ಪಡಿಸುವ ಗೋಡೆ ಇದೆ. ವಿಲ್ಲುಪುರಂ ಕಡೆಯ ಎರೈಯೂರಿನಲ್ಲಿ ಶವದ ಗಾಡಿ, ಶವ ಸಾಗುವ ದಾರಿ ಎಲ್ಲವೂ ಬೇರೆ ಬೇರೆಯಾಗಿದ್ದವು. ದಲಿತ ಕ್ರೈಸ್ತರು ತಮಗೆ ಪ್ರತ್ಯೇಕ ಧರ್ಮಕೇಂದ್ರ ಕೇಳಿದ್ದಕ್ಕೆ 2008ರ ಮಾರ್ಚಿನಲ್ಲಿ ವನ್ನಿಯರ್ ಕ್ರೈಸ್ತರಿಗೂ ಅವರಿಗೂ ಗಲಭೆಯಾಗಿ, ಪೊಲೀಸರ ಗೋಲಿಬಾರಿನಲ್ಲಿ ಇಬ್ಬರು ಸತ್ತರು. ಎರಡೂ ಕಡೆಯವರು ಒಂದೇ ಪೀಠದ ಮುಂದೆ ಮಂಡಿಯೂರುವವರು! ಪೋಪ್ ಎರಡನೆಯ ಜಾನ್ ಪಾಲ್ ಅದಕ್ಕೂ ಮುಂಚೆಯೇ, 2003ರಲ್ಲಿ, ತಮಿಳುನಾಡಿನ ಬಿಷಪರನ್ನು ಎದುರಿಗೆ ಕೂರಿಸಿಕೊಂಡು ಜಾತಿಯ ಪೂರ್ವಗ್ರಹವನ್ನು ಖಂಡಿಸಿದ್ದರು. ಭಾರತದ ಕ್ಯಾಥೊಲಿಕ್ ಬಿಷಪರ ಮಂಡಳಿ 2016ರ ತನ್ನ ದಲಿತ ಸಬಲೀಕರಣ ನೀತಿಯಲ್ಲಿ, ಧರ್ಮಸಭೆಯ ಒಳಗೆ ತಾರತಮ್ಯ ಇದೆ, ಮುಂದಾಳುತನದಲ್ಲಿ ದಲಿತರು ತೀರಾ ಕಡಿಮೆ ಎಂದು ಬರೆದೇ ಬರೆಯಿತು. ದಲಿತ ಕುಟುಂಬದಿಂದ ಬಂದ ಮೊದಲ ಕಾರ್ಡಿನಲ್, ಹೈದರಾಬಾದಿನ ಆ್ಯಂಟನಿ ಪೂಲಾ, ಆ ಸ್ಥಾನಕ್ಕೇರಿದ್ದು 2022ರಲ್ಲಿ. ನಮ್ಮ ಕರಾವಳಿಯ ಕೊಂಕಣಿ ಕ್ಯಾಥೊಲಿಕರಲ್ಲಿ ಬಾಮೊಣ್, ಚಾರೊಡಿ, ಶುದಿರ್ ಎಂಬ ಲೆಕ್ಕ ಶತಮಾನಗಳ ಹಿಂದೆ ಗೋವಾ ಬಿಟ್ಟಾಗಲೂ ಜೊತೆಗೇ ಬಂತು. ಮದುವೆಯ ಮಾತು ಬಂದಾಗ ಅದು ಈಗಲೂ ಮಾತಾಡುತ್ತದೆ ಎಂಬುದನ್ನು ನಾನು ನಿಮಗೆ ಹೇಳಬೇಕಾಗಿಲ್ಲ. 

ಹಿಂದೆ ಹೋದರೆ ಎರಡು ದಾರಿಗಳು ಕಾಣುತ್ತವೆ. ಹದಿನೇಳನೆಯ ಶತಮಾನದ ಮದುರೆಯಲ್ಲಿ ರಾಬರ್ಟ್ ಡಿ ನೊಬಿಲಿ ಬ್ರಾಹ್ಮಣ ಸನ್ಯಾಸಿಯ ವೇಷ ಧರಿಸಿ, ಮೇಲುಜಾತಿಯವರು ತಮ್ಮ ಆಚಾರ ಇಟ್ಟುಕೊಂಡೇ ಕ್ರೈಸ್ತರಾಗಬಹುದು ಎಂದರು. 1623ರಲ್ಲಿ ರೋಮ್ ಅದಕ್ಕೆ ಒಪ್ಪಿಗೆ ಕೊಟ್ಟಿತು. 1833ರಲ್ಲಿ ಆಂಗ್ಲಿಕನ್ ಬಿಷಪ್ ಡೇನಿಯಲ್ ವಿಲ್ಸನ್, ಸಭೆಯಲ್ಲಿ ಜಾತಿಯನ್ನು ಪೂರ್ತಿ ಬಿಡಲೇಬೇಕು ಎಂದು ಪತ್ರ ಬರೆದಾಗ ತಂಜಾವೂರಿನಲ್ಲಿ ದೊಡ್ಡ ಪ್ರತಿಭಟನೆಯೇ ನಡೆಯಿತು. ನನಗೆ ಇವೆರಡಕ್ಕಿಂತ ಮುಖ್ಯವಾಗಿ ಕಾಣುವುದು 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನ ಉದಾಹರಣೆ. ಅವರ ಸಭೆಗೆ ಸೇರಿದವರಲ್ಲಿ ಬಿಲ್ಲವರು ಬಹಳ. ಸೇರಿದ ಮರುದಿನವೇ ಮನೆ ಹೋಯಿತು, ಗೇಣಿಯ ಭೂಮಿ ಹೋಯಿತು, ಕಳ್ಳು ಇಳಿಸುವ ಕಸುಬನ್ನು ಸಭೆಯೇ ಬಿಡಿಸಿತು. ಆಗ ಮಿಷನ್ನಿನವರು ನೇಯ್ಗೆ ಶುರು ಮಾಡಿದರು, 1865ರಲ್ಲಿ ಹಂಚಿನ ಕಾರ್ಖಾನೆ ತೆರೆದರು. ಮಂಗಳೂರು ಹಂಚಿನ ಹಿಂದೆ ಇಂಥ ಒಂದು ತಿಳಿವಳಿಕೆ ಇದೆ: ದೀಕ್ಷಾಸ್ನಾನದ ನೀರಿನಿಂದ ಜಾತಿಯ ಪರಿಣಾಮ ತೊಳೆದುಹೋಗುವುದಿಲ್ಲ, ಅದಕ್ಕೆ ಕೂಲಿ ಬೇಕು, ಸೂರು ಬೇಕು. ಆ ಮಿಷನರಿಗಳಿಗೆ ತಮ್ಮದೇ ಆದ ಗರ್ವ, ದೊಡ್ಡಸ್ತಿಕೆ ಇತ್ತು, ಒಪ್ಪುತ್ತೇನೆ. ಆದರೆ ಮತಾಂತರವಾದ ಕೂಡಲೇ ಎಲ್ಲ ಸರಿಹೋಯಿತು ಎಂಬ ಭ್ರಮೆ ಇರಲಿಲ್ಲ. ಆ ಭ್ರಮೆ ಈಗ ಸರ್ಕಾರಕ್ಕಿದೆ, ನಿಮ್ಮ ಪೀಠಕ್ಕಿದೆ.

ಮೇಷ್ಟ್ರು: ನಿಮ್ಮ ಮಾತು ಕೇಳಲು ಚೆನ್ನ, ವಕೀಲರೇ, ಆದರೆ ಹೊತ್ತು ಯಾವುದು ನೋಡಿ. ಮನೆಯಲ್ಲಿ ನಾಲ್ಕು ಜನ ಸೇರಿ ಪ್ರಾರ್ಥನೆ ಮಾಡಿದರೂ ಬಾಗಿಲಿಗೆ ಗುಂಪು ಬಂದು ನಿಲ್ಲುವ ಕಾಲ. 2011ರ ಜನಗಣತಿಯ ಪ್ರಕಾರ ದೇಶದಲ್ಲಿ ನಾವು ನೂರಕ್ಕೆ 2.3, ಕರ್ನಾಟಕದಲ್ಲಿ ಎರಡೂ ಇಲ್ಲ. ಮತಾಂತರ ತಡೆಯ ಹೆಸರಿನ ಕಾನೂನುಗಳು ರಾಜ್ಯ ರಾಜ್ಯಗಳಲ್ಲಿ ಬಂದಿವೆ. ಇಂಥ ಹೊತ್ತಿನಲ್ಲಿ ನಮ್ಮ ಹುಳುಕನ್ನು ನಾವೇ ನ್ಯಾಯಾಲಯದ ಮೇಜಿನ ಮೇಲೆ ಹರಡಿದರೆ, ನೋಡಿ, ಇವರಲ್ಲೂ ಜಾತಿ ಇದೆ, ಮತ್ತೆ ಮತಾಂತರ ಯಾಕೆ ಎಂದು ಅದನ್ನೇ ನಮ್ಮ ಮೇಲೆ ತಿರುಗಿಸುವುದಿಲ್ಲವೇ? ಬಲಿಷ್ಠ ಬಹುಸಂಖ್ಯಾತರು ಆತ್ಮವಿಮರ್ಶೆ ಮಾಡಿಕೊಂಡರೆ ಅದು ಔದಾರ್ಯ. ನಾವು ಮಾಡಿಕೊಂಡರೆ ಆತ್ಮಹತ್ಯೆ.

ವಕೀಲರು: ಈ ಹೆದರಿಕೆಯನ್ನು ನಾನು ಹಗುರವಾಗಿ ನೋಡುವುದಿಲ್ಲ. ಹಾಗೆ ತಿರುಗಿಸುತ್ತಾರೆ, ಈಗಲೂ ತಿರುಗಿಸುತ್ತಿದ್ದಾರೆ. ಆದರೆ ಮೌನದಿಂದ ನಿಮಗೆ ಸಿಕ್ಕ ರಕ್ಷಣೆ ಏನು? ಇಷ್ಟು ವರ್ಷ ಜಾತಿ ಇಲ್ಲ ಎಂದು ಹೇಳಿಕೊಂಡು ಬಂದರೂ ಆ ಕಾನೂನುಗಳು ಬಂದವಲ್ಲ. ನಮ್ಮ ರಾಜ್ಯದ 2022ರ ಕಾಯ್ದೆಯನ್ನೇ ಎತ್ತಿಕೊಳ್ಳಿ. 2023ರ ಜೂನಿನಲ್ಲಿ ಅದನ್ನು ರದ್ದುಪಡಿಸಲು ಸಚಿವ ಸಂಪುಟ ತೀರ್ಮಾನಿಸಿತು, ಅದು ಬೇರೆ ಮಾತು. ಅದರ ಒಳಗಿನ ತರ್ಕ ನೋಡಿ: ಪರಿಶಿಷ್ಟ ಜಾತಿ, ಪಂಗಡದವರನ್ನು, ಹೆಂಗಸರನ್ನು, ಅಪ್ರಾಪ್ತರನ್ನು ಕಾನೂನುಬಾಹಿರವಾಗಿ ಮತಾಂತರ ಮಾಡಿದರೆ ಶಿಕ್ಷೆ ಹೆಚ್ಚು, ಹತ್ತು ವರ್ಷದವರೆಗೆ ಸೆರೆ. ಅಂದರೆ ಮತಾಂತರದ ಕ್ಷಣದಲ್ಲಿ ಆತ ದಲಿತ ಎಂಬುದು ರಾಜ್ಯಕ್ಕೆ ಬಹಳ ಮುಖ್ಯ, ಮತಾಂತರ ಮಾಡಿದವನನ್ನು ಹೆಚ್ಚು ಶಿಕ್ಷಿಸುವಷ್ಟು ಮುಖ್ಯ. ಮರುದಿನ ಅದೇ ಮನುಷ್ಯ ಕೇರಿಯಲ್ಲಿ ಹೊಡೆತ ತಿಂದು ಠಾಣೆಗೆ ಬಂದರೆ, ನೀನು ದಲಿತನಲ್ಲ, 1989ರ ದೌರ್ಜನ್ಯ ತಡೆ ಕಾಯ್ದೆ ನಿನಗೆ ಅನ್ವಯಿಸುವುದಿಲ್ಲ ಎಂಬ ಉತ್ತರ. ಜಾತಿ ಶಿಕ್ಷೆಗೆ ಲೆಕ್ಕಕ್ಕುಂಟು, ರಕ್ಷಣೆಗೆ ಲೆಕ್ಕಕ್ಕಿಲ್ಲ. ಈ ಅಸಂಗತವನ್ನು ಬೊಟ್ಟು ಮಾಡಿ ತೋರಿಸುವ ಹಕ್ಕು ನಿಮಗಿದೆ. ಆದರೆ ನಿಮ್ಮ ಬಾಯಲ್ಲೇ ಜಾತಿ ಇಲ್ಲ ಎಂಬ ವಾಕ್ಯ ಇರುವ ತನಕ ತೋರಿಸಲಾರಿರಿ.

ತನ್ನ ತಪ್ಪನ್ನು ತಾನೇ ಒಪ್ಪಿಕೊಂಡ ಸಭೆ ನಾಶವಾಗುತ್ತದೆ ಎಂಬುದಕ್ಕೂ ಇತಿಹಾಸದ ಒಪ್ಪಿಗೆ ಇಲ್ಲ. ದಕ್ಷಿಣ ಆಫ್ರಿಕದಲ್ಲಿ ವರ್ಣಭೇದಕ್ಕೆ ಬೈಬಲಿನ ಸಮರ್ಥನೆ ಒದಗಿಸಿದ್ದೇ ಬಿಳಿಯರ ಡಚ್ ರಿಫಾರ್ಮ್ಡ್ ಚರ್ಚು. 1990ರಲ್ಲಿ ರಸ್ಟೆನ್‌ಬರ್ಗಿನ ಸಮ್ಮೇಳನದಲ್ಲಿ ಅದೇ ಚರ್ಚಿನ ದೇವಶಾಸ್ತ್ರಜ್ಞ ವಿಲ್ಲಿ ಯೋಂಕರ್ ಎದ್ದು ನಿಂತು ತಪ್ಪೊಪ್ಪಿಕೊಂಡರು. ಡೆಸ್ಮಂಡ್ ಟೂಟು ಅಧ್ಯಕ್ಷರಾಗಿದ್ದ ಸತ್ಯ ಮತ್ತು ಸಮನ್ವಯ ಆಯೋಗ 1997ರ ನವೆಂಬರಿನಲ್ಲಿ ಧಾರ್ಮಿಕ ಸಂಸ್ಥೆಗಳಿಗೆಂದೇ ವಿಚಾರಣೆ ನಡೆಸಿತು. ಚರ್ಚುಗಳು ಬಂದು ತಾವು ಮಾಡಿದ್ದನ್ನೂ ಮಾಡದೆ ಬಿಟ್ಟದ್ದನ್ನೂ ಹೇಳಿದವು. ಅವು ಅಲ್ಲಿ ಅಲ್ಪಸಂಖ್ಯಾತರಾಗಿರಲಿಲ್ಲ ಎಂದು ನೀವು ಹೇಳಬಹುದು. ಸರಿಯೇ. ಆ ಹೋಲಿಕೆಯನ್ನು ನಾನೂ ಅಷ್ಟಕ್ಕೇ ನಿಲ್ಲಿಸುತ್ತೇನೆ. ಆದರೆ ಇಲ್ಲಿ ಇನ್ನೊಂದು ಲೆಕ್ಕವಿದೆ: ನಿಮ್ಮ ಅಲ್ಪಸಂಖ್ಯಾತರೊಳಗೇ ಒಂದು ಬಹುಸಂಖ್ಯೆ ಇದೆ, ಅದು ದಲಿತರದು ಎಂದು ಸಭೆಗಳೇ ಅಂದಾಜು ಹೇಳುತ್ತವೆ. ಸಮುದಾಯದ ಸುರಕ್ಷತೆ ಎಂಬ ಹೆಸರಿನಲ್ಲಿ ಅವರ ಬಾಯಿ ಮುಚ್ಚಿಸಿದರೆ ಸುರಕ್ಷಿತವಾಗುವುದು ಯಾವ ಸಮುದಾಯ?

ಮೇಷ್ಟ್ರು: ಇದಕ್ಕೆ ನನ್ನಲ್ಲಿ ತಕ್ಷಣದ ಉತ್ತರ ಇಲ್ಲ. ಆದರೆ ಇನ್ನೊಂದು ಕಡೆಯಿಂದ ಬರುವ ಪ್ರಶ್ನೆಗೆ ನೀವೇ ಉತ್ತರ ಹೇಳಬೇಕು. ಪರಿಶಿಷ್ಟ ಜಾತಿಯವರೇ ಕೇಳುತ್ತಾರೆ: ನಮ್ಮ ತಟ್ಟೆಯಲ್ಲಿರುವುದೇ ಇಷ್ಟು, ಮಿಷನ್ ಶಾಲೆಯಲ್ಲಿ ಇಂಗ್ಲಿಷ್ ಕಲಿತು ಬಂದವರು ಅದಕ್ಕೂ ಕೈ ಹಾಕಿದರೆ ನಾವು ಎಲ್ಲಿಗೆ ಹೋಗಬೇಕು? ಕರ್ನಾಟಕದಲ್ಲಿ ಕ್ರೈಸ್ತರಾದ ದಲಿತರಿಗೆ ಹಿಂದುಳಿದ ವರ್ಗಗಳ ಪ್ರವರ್ಗ-1ರಲ್ಲಿ ಜಾಗ ಇದೆಯಲ್ಲ, ಸಾಲದೇ?

ವಕೀಲರು: ಇದೇ ಎಲ್ಲಕ್ಕಿಂತ ತೂಕದ ಆಕ್ಷೇಪ, ಏಕೆಂದರೆ ಇದು ನೊಂದವರಿಂದಲೇ ಬರುತ್ತದೆ. ಅದನ್ನು ಕೋಮುವಾದ ಎಂದು ತಳ್ಳಿಹಾಕುವ ಕ್ರೈಸ್ತ ಮುಖಂಡರನ್ನು ಕಂಡರೆ ನನಗೆ ಬೇಸರ. ಪ್ರವರ್ಗ-1ರಲ್ಲಿ ಪರಿಶಿಷ್ಟ ಜಾತಿಯಿಂದ ಕ್ರೈಸ್ತರಾದವರಿಗೆ ಸ್ಥಾನ ಇದೆ ನಿಜ. ಕುತೂಹಲದ ಸಂಗತಿ ಎಂದರೆ ರಾಜ್ಯವು ಮತಾಂತರದ ನಂತರವೂ ಹಿಂದುಳಿದಿರುವಿಕೆ ಮುಂದುವರಿಯುತ್ತದೆ ಎಂದು ಆ ಮೂಲಕ ಒಪ್ಪಿಕೊಂಡಿದೆ. ಆದರೆ ಪ್ರವರ್ಗ-1ರವರಿಗೆ ವಿಧಾನಸಭೆಯಲ್ಲಿ ಕಾದಿಟ್ಟ ಕ್ಷೇತ್ರ ಇಲ್ಲ, ದೌರ್ಜನ್ಯ ತಡೆ ಕಾಯ್ದೆಯ ಆಸರೆ ಇಲ್ಲ. ಆದ್ದರಿಂದ ಬೇಡಿಕೆಯನ್ನು ಒಂದೇ ಗಂಟಾಗಿ ಕಟ್ಟದೆ ಬಿಡಿಸಿ ನೋಡಬೇಕು. ದೌರ್ಜನ್ಯ ತಡೆ ಕಾಯ್ದೆಯ ರಕ್ಷಣೆಯನ್ನು ಕ್ರೈಸ್ತನಿಗೂ ಕೊಟ್ಟರೆ ಯಾರ ತಟ್ಟೆಯಿಂದಲೂ ಒಂದು ತುತ್ತೂ ಕಡಿಮೆಯಾಗುವುದಿಲ್ಲ. ಅದು ಮೊದಲು ಆಗಬೇಕು, ಇದಕ್ಕೆ ಯಾರ ವಿರೋಧಕ್ಕೂ ಕಾರಣವಿಲ್ಲ. ವಿದ್ಯಾರ್ಥಿವೇತನ ಎರಡನೆಯದು, ಅದು ಬಜೆಟ್ಟಿನ ಮಾತು. ಉದ್ಯೋಗ, ಸೀಟು, ಕ್ಷೇತ್ರಗಳ ವಿಷಯಕ್ಕೆ ಬಂದಾಗ ಮಾತ್ರ ಪಾಲಿನ ಪ್ರಶ್ನೆ ಏಳುತ್ತದೆ. ಅಲ್ಲೂ ಈಗ ದಾರಿ ಇದೆ. ಪರಿಶಿಷ್ಟ ಜಾತಿಗಳೊಳಗೆ ಉಪವರ್ಗೀಕರಣ ಮಾಡಬಹುದು ಎಂದು 2024ರ ಆಗಸ್ಟ್ 1ರಂದು ಸುಪ್ರೀಂ ಕೋರ್ಟ್ ಹೇಳಿತು. ಮರುವರ್ಷ ಕರ್ನಾಟಕ ಸಚಿವ ಸಂಪುಟ ಶೇಕಡ 17ನ್ನು 6, 6, 5 ಎಂದು ಒಳಮೀಸಲಾತಿಗೆ ಹಂಚಲು ತೀರ್ಮಾನಿಸಿತು. ಮಾದಿಗರ ದಶಕಗಳ ಹೋರಾಟದ ಫಲ ಅದು. ಕ್ರೈಸ್ತರಾದವರನ್ನು ಸೇರಿಸುವುದಾದರೆ ಅವರ ಜನಸಂಖ್ಯೆಗೆ ತಕ್ಕ ಪಾಲನ್ನು ಹೊಸದಾಗಿ ಸೇರಿಸಿ, ಅವರನ್ನು ಬೇರೆ ಗುಂಪಾಗಿ ಇಡಬೇಕು ಎನ್ನುವುದು ನನ್ನ ಅಭಿಪ್ರಾಯ. ಇದಕ್ಕೂ ಅಂಕಿಸಂಖ್ಯೆ ಬೇಕು. ಸಮೀಕ್ಷೆಯ ಪಟ್ಟಿಯಲ್ಲಿ ಹೆಸರೇ ಇಲ್ಲದಿದ್ದರೆ ಅಂಕಿ ಎಲ್ಲಿಂದ ಬರಬೇಕು?

ಮೇಷ್ಟ್ರು: ಆದರೂ ಮೀಸಲಾತಿ ಸಿಗುತ್ತದೆ ಎಂದಾದರೆ ಮತಾಂತರ ಹೆಚ್ಚುತ್ತದೆ ಎಂಬ ಮಾತು ಬರುತ್ತದೆ.

ವಕೀಲರು: ಈಗ ಇರುವ ಕಾನೂನೇ ಒಂದು ಆಮಿಷ, ತಿರುವುಮುರುವಾದ ಆಮಿಷ. ಇರುವ ಧರ್ಮದಲ್ಲೇ ಇದ್ದರೆ, ಇಲ್ಲವೇ ಬಿಟ್ಟಲ್ಲಿಗೆ ಮರಳಿದರೆ ಪ್ರಮಾಣಪತ್ರ. ಬಿಟ್ಟು ಹೋದರೆ ಅದು ವಾಪಸು. ವಿಶ್ವಾಸಕ್ಕೆ ಸರ್ಕಾರ ಬೆಲೆ ಕಟ್ಟಬಾರದು ಎನ್ನುವವರು ಎರಡೂ ದಿಕ್ಕಿನ ಬೆಲೆಯನ್ನು ತೆಗೆಯಬೇಕು. ಈ ಬೆಲೆಯ ಕಾರಣದಿಂದಲೇ ಎಷ್ಟೋ ಜನ ಎರಡು ಹೆಸರಿನಲ್ಲಿ ಬದುಕುತ್ತಾರೆ, ಚರ್ಚಿನ ಪುಸ್ತಕದಲ್ಲಿ ಒಂದು, ಶಾಲೆಯ ದಾಖಲೆಯಲ್ಲಿ ಇನ್ನೊಂದು. 2024ರ ನವೆಂಬರಿನಲ್ಲಿ ಪುದುಚೇರಿಯ ಮಹಿಳೆಯೊಬ್ಬರ ಪ್ರಕರಣದಲ್ಲಿ, ನಂಬಿಕೆ ಇಲ್ಲದೆ ಮೀಸಲಾತಿಗಾಗಿ ಮಾತ್ರ ಹಿಂದೂ ಎಂದು ಹೇಳಿಕೊಳ್ಳುವುದು ಸಂವಿಧಾನಕ್ಕೆ ಮಾಡುವ ವಂಚನೆ ಎಂದಿತು ಸುಪ್ರೀಂ ಕೋರ್ಟ್. ಇರುವ ಕಾನೂನಿನ ಚೌಕಟ್ಟಿನಲ್ಲಿ ಆ ತೀರ್ಪನ್ನು ತಪ್ಪು ಎನ್ನುವುದು ಕಷ್ಟ. ಆದರೆ ದೇವರನ್ನೋ ಪ್ರಮಾಣಪತ್ರವನ್ನೋ ಆರಿಸಿಕೋ ಎಂದು ಬಡವನೆದುರು ನಿಲ್ಲುವ ಕಾನೂನು, ಅವನು ಎರಡನ್ನೂ ಹಿಡಿದುಕೊಂಡಾಗ ಸುಳ್ಳುಗಾರ ಎನ್ನುವುದು ಎಷ್ಟು ಸರಿ? ರಂಗನಾಥ ಮಿಶ್ರಾ ಆಯೋಗ 2007ರಲ್ಲೇ ಪರಿಶಿಷ್ಟ ಜಾತಿಯ ಸ್ಥಾನವನ್ನು ಧರ್ಮದಿಂದ ಬಿಡಿಸಿ ಎಂದು ಶಿಫಾರಸು ಮಾಡಿತು. ಅದರ ಸದಸ್ಯ ಕಾರ್ಯದರ್ಶಿ ಭಿನ್ನಮತ ಬರೆದರು. ಮರುವರ್ಷ ಸತೀಶ್ ದೇಶಪಾಂಡೆ ಅಲ್ಪಸಂಖ್ಯಾತರ ರಾಷ್ಟ್ರೀಯ ಆಯೋಗಕ್ಕೆ ಕೊಟ್ಟ ಅಧ್ಯಯನವೂ ಅದೇ ದಿಕ್ಕಿನಲ್ಲಿತ್ತು. 2022ರ ಅಕ್ಟೋಬರಿನಲ್ಲಿ ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್ ಅವರ ಅಧ್ಯಕ್ಷತೆಯಲ್ಲಿ ಮತ್ತೊಂದು ಆಯೋಗ ರಚನೆಯಾಯಿತು, ಅದರ ಅವಧಿಯೂ ವಿಸ್ತರಣೆಯಾಯಿತು. 1950ರ ಆದೇಶದ ಆ ಪ್ಯಾರಾವನ್ನು ಪ್ರಶ್ನಿಸಿ 2004ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಹಾಕಿದ ಅರ್ಜಿ ಇಷ್ಟರಲ್ಲಿ ಒಂದು ತಲೆಮಾರನ್ನು ಕಂಡಿತು.

ಮೇಷ್ಟ್ರು: ಹಾಗಾದರೆ ಆಯೋಗದ ವರದಿ ಬರುವವರೆಗೆ ನಾವು ಮಾಡುವುದು ಏನೂ ಇಲ್ಲ ಎಂದಾಯಿತು.

ವಕೀಲರು: ಹಾಗೆ ಹೇಳಿ ನೀವು ತಪ್ಪಿಸಿಕೊಳ್ಳುವ ಹಾಗಿಲ್ಲ, ಮೇಷ್ಟ್ರೇ. ಸಂವಿಧಾನದ 30ನೆಯ ವಿಧಿ ನಿಮಗೆ ಶಿಕ್ಷಣ ಸಂಸ್ಥೆಗಳನ್ನು ಕಟ್ಟಿ ನಡೆಸುವ ಹಕ್ಕು ಕೊಟ್ಟಿದೆ. 15(5)ನೆಯ ವಿಧಿಯ ಪ್ರಕಾರ ಅಲ್ಪಸಂಖ್ಯಾತ ಸಂಸ್ಥೆಗಳಿಗೆ ಪರಿಶಿಷ್ಟರ ಮೀಸಲಾತಿಯ ಕಟ್ಟುಪಾಡು ಇಲ್ಲ. ಶಿಕ್ಷಣ ಹಕ್ಕು ಕಾಯ್ದೆಯ ಬಡಮಕ್ಕಳ ಶೇಕಡ 25ರ ಪಾಲಿನಿಂದಲೂ 2014ರ ತೀರ್ಪು ನಿಮ್ಮನ್ನು ಹೊರಗಿಟ್ಟಿದೆ. ಅಂದರೆ ಯಾರಿಗೆ ಸೀಟು ಕೊಡಬೇಕೆಂಬ ಸ್ವಾತಂತ್ರ್ಯ ಈ ದೇಶದಲ್ಲಿ ನಿಮಗಿದ್ದಷ್ಟು ಬಹಳ ಜನರಿಗೆ ಇಲ್ಲ. ಸರ್ಕಾರ ದಲಿತ ಕ್ರೈಸ್ತನಿಗೆ ನಿರಾಕರಿಸಿದ್ದನ್ನು ನಿಮ್ಮ ವೈದ್ಯಕೀಯ ಕಾಲೇಜು, ನರ್ಸಿಂಗ್ ಶಾಲೆ, ಪದವಿ ಕಾಲೇಜು ನಾಳೆಯೇ ಕೊಡಬಹುದು. ಸಂಸತ್ತು ಬೇಕಿಲ್ಲ, ಆಯೋಗ ಬೇಕಿಲ್ಲ, ಆಡಳಿತ ಮಂಡಳಿಯ ಒಂದು ಠರಾವು ಸಾಕು. ಸ್ಮಶಾನದ ಗೋಡೆ ಒಡೆಯಲು ಯಾವ ತಿದ್ದುಪಡಿಯೂ ಬೇಕಿಲ್ಲ. ಕೆಲವು ಧರ್ಮಪ್ರಾಂತ್ಯಗಳು ಇಂಥ ಕೆಲಸ ಮಾಡಿವೆ ಎಂದು ನೀವು ಹೇಳಬಹುದು. ಮಾಡಿದವರನ್ನು ನಾನು ಗೌರವಿಸುತ್ತೇನೆ. ಆದರೆ ಸರ್ಕಾರದ ಮುಂದೆ ಇಡುವ ಬೇಡಿಕೆ ಮತ್ತು ಸ್ವಂತ ಸಂಸ್ಥೆಯ ಪ್ರವೇಶ ಪಟ್ಟಿ ಇವೆರಡನ್ನೂ ಪಕ್ಕಪಕ್ಕ ಇಟ್ಟು ತೋರಿಸಿದ ಮನವಿಪತ್ರವನ್ನು ನಾನಂತೂ ನೋಡಿಲ್ಲ. ಮುಂದಿನ ಆಗಸ್ಟ್ 10ರಂದು ಕಪ್ಪು ಬಾವುಟದ ಜೊತೆಗೆ ಅದನ್ನೂ ತನ್ನಿ: ನಮ್ಮ ಇಷ್ಟು ಕಾಲೇಜುಗಳಲ್ಲಿ ಈ ವರ್ಷ ಇಷ್ಟು ಸೀಟು, ಅದರಲ್ಲಿ ದಲಿತ ಕ್ರೈಸ್ತರಿಗೆ ಇಷ್ಟು, ಬೇರೆ ದಲಿತರಿಗೆ ಇಷ್ಟು, ಬೋಧಕರಲ್ಲಿ ಇಷ್ಟು, ಆಡಳಿತ ಮಂಡಳಿಯಲ್ಲಿ ಇಷ್ಟು.

ಮೇಷ್ಟ್ರು: ಶುಲ್ಕ ಕಟ್ಟುವ ಮಕ್ಕಳ ಸೀಟು ಕಡಿಮೆಯಾದರೆ ಸಂಬಳ ಕೊಡುವುದು ಹೇಗೆ ಎಂದು ಮಂಡಳಿಯವರು ಮೊದಲು ಕೇಳುತ್ತಾರೆ. ಆ ಪಟ್ಟಿ ಹೊರಬಿದ್ದರಂತೂ ನಮ್ಮವರೇ ಯಾರಾದರೂ ನಮ್ಮ ಮೇಲೆ ಕೋರ್ಟಿಗೆ ಹೋಗುತ್ತಾರೆ.

ವಕೀಲರು: ಸಂಬಳದ ಪ್ರಶ್ನೆ ನಿಜವಾದದ್ದು. ಅದಕ್ಕೆ ವಿದ್ಯಾರ್ಥಿನಿಧಿ, ಹಳೆಯ ವಿದ್ಯಾರ್ಥಿಗಳು, ಸಭೆಯ ಬಾಡಿಗೆ ಜಮೀನು ಎಲ್ಲವನ್ನೂ ಲೆಕ್ಕಕ್ಕೆ ತರಬೇಕು, ವರ್ಷಕ್ಕೆ ಇಷ್ಟಿಷ್ಟು ಎಂದು ಹಂತ ಹಂತವಾಗಿ ಮಾಡಬೇಕು. ಕೋರ್ಟಿಗೆ ಹೋಗುವವರು ಹೋಗಲಿ ಬಿಡಿ. ಸೂಸೈ ಅರ್ಜಿಯ ಜೊತೆ ಇರಬೇಕಾಗಿದ್ದ ಕಾಗದಗಳು ಆಗಲಾದರೂ ಒಂದು ಕಡತದಲ್ಲಿ ಸೇರುತ್ತವೆ.